ಉಳಿದದ್ದು ‘ಮಾನ್ಯರೇ’ ಮಾತ್ರ

ಯಾವುದನ್ನೂ ಸುಲಭಕ್ಕೆ ನಂಬುವ ಆಸಾಮಿ ನಾನಲ್ಲ. ಬಳ್ಳಾರಿ ಬಸ್ ನಿಲ್ದಾಣದಲ್ಲಿ ಕಂಡಕ್ಟರು ‘ಇನ್ನ ಐದು ನಿಮಿಷಕ್ಕ ಬಿಡ್ತೀವ್ರಿ’ ಅಂದರೆ ಯಾವ ಗಡಿಯಾರದ ಐದು ನಿಮಿಷ ಎಂದು ಕೇಳುತ್ತೇನೆ. ಸಿರುಗುಪ್ಪದ ನಮ್ಮ ಮನೆಯಲ್ಲಿ ಅವ್ವ ಬೆಕ್ಕು ಅಡ್ಡ ಹೋಯಿತೆಂದು ಹೊಸ್ತಿಲಲ್ಲಿ ನಿಂತರೆ, ನಾವೂ ಬೆಕ್ಕಿಗೆ ಅಡ್ಡ ಹೋಗಿದ್ದೇವಲ್ಲ, ಅದರ ಕೆಲಸವೂ ಕೆಟ್ಟಿತೇ ಎಂದು ವಿಚಾರಿಸುತ್ತೇನೆ. ಪತ್ರಿಕೆಯ ರಾಶಿಫಲವನ್ನು ಓದುವುದು ಕೂಡ ನಿನ್ನೆಯದು ಹೇಗೆ ಸುಳ್ಳಾಯಿತು ಎಂದು ಅಪ್ಪನಿಗೆ ತೋರಿಸಲಿಕ್ಕೆ. ಇಂಥ ನಾನು ಒಂದು ಮಧ್ಯಾಹ್ನ, ಪರದೆಯ ಮೂಲೆಯಲ್ಲಿ ಹಸಿರು ಅಕ್ಷರದಲ್ಲಿ ಮೂಡಿದ ‘ಕರಡು ಉಳಿಸಲಾಗಿದೆ’ ಎಂಬ ಎರಡು ಪದಗಳನ್ನು, ಯಾರು ಉಳಿಸಿದರು, ಎಲ್ಲಿ ಉಳಿಸಿದರು, ಎಷ್ಟು ಉಳಿಸಿದರು ಎಂದು ಒಂದು ಮರುಪ್ರಶ್ನೆಯನ್ನೂ ಹಾಕದೆ ನಂಬಿಬಿಟ್ಟೆ. ದೇವರನ್ನಾದರೂ ನಂಬಿದ್ದರೆ ಕಷ್ಟಕ್ಕೆ ಕರೆಯಲಿಕ್ಕೆ ಒಂದು ಹೆಸರಾದರೂ ಇರುತ್ತಿತ್ತು.

ಇದಕ್ಕೆ ಮೂಲ ಕಾರಣ ನನ್ನ ಚರ್ಚಾಸ್ಪರ್ಧೆಯ ತರಬೇತಿ. ಹೈಸ್ಕೂಲಿನಿಂದ ಹಿಡಿದು ಈಗಿನ ಕಾನೂನು ಕಾಲೇಜಿನವರೆಗೆ ನಾನು ಏರದ ವೇದಿಕೆ ಕಡಿಮೆ. ಗೆದ್ದು ತಂದ ಕಪ್ಪುಗಳಲ್ಲಿ ಒಂದರೊಳಗೆ ಅವ್ವ ಸೇಫ್ಟಿಪಿನ್ನು ಇಟ್ಟಿದ್ದಾಳೆ, ಇನ್ನೊಂದರಲ್ಲಿ ಕರೆಂಟು ಹೋದಾಗ ಹಚ್ಚುವ ಮೇಣದಬತ್ತಿ. ನಮಗೆ ಮಾತು ಕಲಿಸಿದ ಮೇಷ್ಟ್ರು ಕೈಯಲ್ಲಿ ಚೀಟಿ ಹಿಡಿದು ವೇದಿಕೆ ಹತ್ತಿದವರನ್ನು ಅಲ್ಲಿಂದಲೇ ಇಳಿಸಿಬಿಡುತ್ತಿದ್ದರು. ಮಾತು ತಲೆಯಿಂದ ನೇರ ನಾಲಿಗೆಗೆ ಬರಬೇಕು, ನಡುವೆ ಕಾಗದ ಬರಬಾರದು ಎಂಬುದು ಅವರ ಸಿದ್ಧಾಂತ. ಅದನ್ನು ನಾನು ಎಷ್ಟು ಗಂಭೀರವಾಗಿ ತೆಗೆದುಕೊಂಡೆನೆಂದರೆ, ಬರವಣಿಗೆಗೂ ಅನ್ವಯಿಸಿಕೊಂಡೆ. ಕರಡು ಪ್ರತಿ ಎಂಬುದು ಹೇಡಿಗಳ ವ್ಯವಹಾರ ಎಂಬ ತೀರ್ಮಾನಕ್ಕೆ ಬಂದೆ. ಅರ್ಜಿ ಇರಲಿ, ದೂರು ಇರಲಿ, ಅಂತರ್ಜಾಲದ ಪುಟದಲ್ಲಿ ‘ಇಲ್ಲಿ ಬರೆಯಿರಿ’ ಎಂಬ ಖಾಲಿ ಚೌಕ ಕಂಡರೆ ಸಾಕು, ನನಗೆ ಮೈಕು ಕಂಡ ಹಾಗಾಗುತ್ತದೆ. ನೇರ ಅದರೊಳಗೇ ಇಳಿಯುತ್ತೇನೆ. ಇನ್ನೊಂದು ಚಟವೂ ಉಂಟು. ಬಾಯಿ ಆಡದೆ ನನ್ನ ಬೆರಳು ಆಡುವುದಿಲ್ಲ. ಬರೆಯುವ ಪ್ರತಿಯೊಂದು ವಾಕ್ಯವನ್ನೂ ಗಟ್ಟಿಯಾಗಿ ಹೇಳಿಕೊಂಡೇ ಬರೆಯುತ್ತೇನೆ. ಬಳ್ಳಾರಿಯ ನನ್ನ ಬಾಡಿಗೆ ಕೋಣೆಯ ಪಕ್ಕದವರು, ಒಳಗೆ ಇಬ್ಬರು ಜಗಳವಾಡುತ್ತಿದ್ದಾರೆಂದು ಎರಡು ಸಲ ಬಾಗಿಲು ಬಡಿದದ್ದುಂಟು.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಅಕ್ಕ ರತ್ನಳನ್ನು ಕುರುಗೋಡಿಗೆ ಕೊಟ್ಟಿದೆ. ಅಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಸರ್ಕಾರಿ ಶಾಲೆಯ ಹುದ್ದೆಗೆ ಅರ್ಜಿ ಹಾಕಬೇಕಾದರೆ ಮೊದಲು ಒಂದು ಅರ್ಹತೆಯ ಪರೀಕ್ಷೆ ಪಾಸಾಗಬೇಕು. ಅಕ್ಕ ಅದನ್ನು ಮೂರನೇ ಸಲ ಬರೆದಿದ್ದಳು, ಮತ್ತು ಪ್ರಕಟವಾದ ಕೀ ಉತ್ತರಗಳ ಪ್ರಕಾರ ಒಂದೇ ಒಂದು ಅಂಕ ಕಡಿಮೆಯಾಗಿ ನಿಂತಿದ್ದಳು. ವಯೋಮಿತಿ ಅವಳಿಗೆ ಇನ್ನೊಂದೇ ವರ್ಷ. ಕೈತಪ್ಪಿದ ಆ ಪ್ರಶ್ನೆ ಯಾವುದು ಗೊತ್ತೇ? ‘ಭತ್ತ ಯಾವ ಹಂಗಾಮಿನ ಬೆಳೆ?’ ಆಯ್ಕೆಗಳು ನಾಲ್ಕು: ಮುಂಗಾರು, ಹಿಂಗಾರು, ಬೇಸಿಗೆ, ‘ನೀರಿದ್ದಲ್ಲಿ ಒಂದಕ್ಕಿಂತ ಹೆಚ್ಚು ಹಂಗಾಮು’. ಅಕ್ಕ ನಾಲ್ಕನೆಯದಕ್ಕೆ ಗುರುತು ಹಾಕಿದ್ದಳು. ಕೀ ಉತ್ತರ ಮುಂಗಾರು ಎಂದಿತ್ತು. ತುಂಗಭದ್ರೆಯ ಕಾಲುವೆಯ ಪಕ್ಕ, ವರ್ಷಕ್ಕೆ ಎರಡು ಸಲ ಹಸಿರಾಗುವ ಗದ್ದೆಗಳನ್ನು ನೋಡುತ್ತ ಸಿರುಗುಪ್ಪದಲ್ಲಿ ಬೆಳೆದ ಹುಡುಗಿ ಬೇರೆ ಯಾವ ಉತ್ತರ ಬರೆಯಬೇಕಿತ್ತು, ನೀವೇ ಹೇಳಿ. ಕಣ್ಣಿಂದ ಕಂಡದ್ದನ್ನು ಬರೆದವಳಿಗೆ ಸೊನ್ನೆ. ಕೀ ಉತ್ತರಕ್ಕೆ ಆಕ್ಷೇಪಣೆ ಇದ್ದರೆ ಆನ್‌ಲೈನಿನಲ್ಲಿ ಸಲ್ಲಿಸಬಹುದು, ಕೊನೆಯ ದಿನ ಇವತ್ತೇ, ಸಂಜೆ ಐದರೊಳಗೆ ಎಂಬುದು ಅಕ್ಕನಿಗೆ ಗೊತ್ತಾದದ್ದು ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ.

“ಲೇ ಮಂಜ್ಯಾ, ಇಷ್ಟು ವರ್ಷ ಊರಮಂದಿ ಕೂಡ ಎಲ್ಲಾ ವಾದ ಮಾಡಿದಿ. ಇವತ್ತು ನನ್ನ ಸಲುವಾಗಿ ಒಂದು ಮಾಡು” ಎಂದಳು ಫೋನಿನಲ್ಲಿ. ಅವಳ ದನಿ ತಮಾಷೆಯದಾಗಿತ್ತು. ಕೊನೆಯ ಶಬ್ದ ಮಾತ್ರ ಸ್ವಲ್ಪ ಒಡೆದಿತ್ತು.

ನಾನು ಹನ್ನೆರಡರ ಬಸ್ಸು ಹಿಡಿದೆ. ಕುರುಗೋಡಿಗೆ ಹೋಗಿ ಬರೆದರಾಯಿತು ಎಂದು ಸುಮ್ಮನೆ ಕೂರಬಹುದಿತ್ತು. ಸುಮ್ಮನೆ ಕೂರುವುದು ನನಗೆ ಯಾರೂ ಕಲಿಸಿಲ್ಲ. ಸೀಟು ಸಿಕ್ಕ ಕೂಡಲೇ ಫೋನಿನಲ್ಲಿ ಆ ಪುಟ ತೆರೆದು, ಅಕ್ಕ ಕಳಿಸಿದ ನೋಂದಣಿ ಸಂಖ್ಯೆ ಹಾಕಿ, ಚೌಕದೊಳಗೆ ಇಳಿದೆ. ಪಕ್ಕದ ಸೀಟಿನ ಹಿರಿಯರು ನಾನು ಭತ್ತದ ಬಗ್ಗೆ ನನ್ನಷ್ಟಕ್ಕೇ ವಾದಿಸುವುದನ್ನು ಕೇಳಿ ಮೊದಲು ಕಿಟಕಿಯ ಕಡೆ ಸರಿದರು, ಆಮೇಲೆ ಹಿಂದಿನ ಸೀಟಿಗೇ ಹೋದರು. ಅರ್ಧ ದಾರಿಗೆ ಬರುವಷ್ಟರಲ್ಲಿ ಮೂರು ಪ್ಯಾರಾ ಸಿದ್ಧವಾಗಿದ್ದವು. ಅಷ್ಟೊತ್ತಿಗೆ ಅಕ್ಕನ ಫೋನು ಬಂತು. “ಬರ್ದೇನಲೇ?” “ಬರಿಯಾಕತ್ತೀನಿ, ಇಡು” ಎಂದು ಇಟ್ಟೆ. ಆರು ಸೆಕೆಂಡಿನ ಮಾತು. ಮರಳಿ ಬಂದು ನೋಡಿದರೆ ಪುಟ ತನ್ನಷ್ಟಕ್ಕೇ ಹೊಸದಾಗಿ ತೆರೆದುಕೊಳ್ಳುತ್ತಿತ್ತು, ಸ್ನಾನ ಮಾಡಿ ಬಂದವರ ಹಾಗೆ, ಹಳೆಯದೇನೂ ಮೈಮೇಲಿಲ್ಲದೆ. ನನ್ನ ಫೋನು ಹಳೆಯದು, ಅದು ಒಂದು ಸಲಕ್ಕೆ ಒಂದೇ ವಿಷಯ ನೆನಪಿಟ್ಟುಕೊಳ್ಳುತ್ತದೆ. ಬರೆದೆಯಾ ಎಂದು ಕೇಳಲು ಬಂದ ಕರೆಯೇ ಬರೆದದ್ದನ್ನು ಅಳಿಸಿತ್ತು. ಇದನ್ನು ಅಕ್ಕನಿಗೆ ಹೇಳಿದರೆ ಅವಳು ಮತ್ತೆ ಫೋನು ಮಾಡುತ್ತಾಳೆಂದು ಹೇಳಲಿಲ್ಲ. ಇಲ್ಲಿಗಾದರೂ ನಾನು ಬುದ್ಧಿ ಕಲಿಯಬೇಕಿತ್ತು ಎಂಬ ನಿಮ್ಮ ಆಕ್ಷೇಪ ನನಗೆ ಗೊತ್ತು. ನಾನು ಕಲಿತದ್ದು ಬೇರೆ: ತಪ್ಪು ಫೋನಿನದು, ಪದ್ಧತಿಯದಲ್ಲ. ವಾದ ಮಾಡುವುದನ್ನು ಕಲಿತವನಿಗೆ ತಪ್ಪನ್ನು ಎಲ್ಲಿ ಇಡಬೇಕೆಂಬುದು ಮೊದಲು ಹೊಳೆಯುತ್ತದೆ.

ಕುರುಗೋಡಿನ ಮನೆಯಲ್ಲಿ ಭಾವನ ಲ್ಯಾಪ್‌ಟಾಪು ಕಾಯುತ್ತಿತ್ತು. ಭಾವ ಇರಲಿಲ್ಲ. ಇದ್ದವರು ಅಕ್ಕನ ಅತ್ತೆ, ತಿಪ್ಪಮ್ಮನವರು. ನಾನೂ ಅತ್ತಿ ಎಂದೇ ಕರೆಯುವುದು. ಪಡಸಾಲೆಯಲ್ಲಿ ಒಣಮೆಣಸಿನಕಾಯಿಯ ರಾಶಿಯ ಮುಂದೆ ಕಾಲು ಚಾಚಿ ಕುಳಿತು ತೊಟ್ಟು ಮುರಿಯುತ್ತಿದ್ದರು. ಅವರ ತವರು ಸಿರುಗುಪ್ಪ ಕಡೆಯ ದೇಶನೂರು. ಓದಿದ್ದು ಮೂರನೇ ಕ್ಲಾಸು, ಗದ್ದೆಯಲ್ಲಿ ಭತ್ತದ ನಾಟಿ ಹಚ್ಚಿದ್ದು ಮದುವೆಯಾಗಿ ಬರುವವರೆಗೆ. ರೊಟ್ಟಿ, ಪುಂಡಿಪಲ್ಯ ಮುಗಿಸಿ ನಾನು ಕೂತಾಗ ಎರಡೂವರೆ. ಅಕ್ಕ ತನ್ನ ಶಾಲೆಯ ನೋಟ್‌ಬುಕ್ಕು, ಪೆನ್ಸಿಲ್ಲು ತಂದು ಮುಂದಿಟ್ಟಳು.

“ಮೊದ್ಲು ಇದರಾಗ ಬರಿ. ಆಮ್ಯಾಲೆ ನೋಡಿ ಹೊಡಿಯಾಕ ಬರ್ತೈತಿ.”

“ಅಕ್ಕಾ, ಇದು ಕಾಪಿರೈಟಿಂಗ್ ಕ್ಲಾಸಲ್ಲ.”

“ನಾ ಹುಡುಗರಿಗೆ ದಿನಾ ಹೇಳ್ತೀನಿ, ಪೆನ್ಸಿಲ್‌ನ್ಯಾಗ ಬರ್ದು ತೋರಿಸ್ರಿ ಅಂತ.”

“ಅವರು ಹುಡುಗರು” ಎಂದೆ, ಪೆನ್ಸಿಲ್ಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು.

ಬರೆಯಲು ಶುರು ಮಾಡಿದೆ, ಎಂದರೆ ಮಾತಾಡಲು ಶುರು ಮಾಡಿದೆ. ‘ಮಾನ್ಯರೇ’ ಎಂದು ಹೊಡೆದು ಎರಡು ಕ್ಷಣ ಯೋಚಿಸುವಷ್ಟರಲ್ಲಿ ಮೂಲೆಯಲ್ಲಿ ಆ ಹಸಿರು ಸಾಲು ಮಿನುಗಿತು: ಕರಡು ಉಳಿಸಲಾಗಿದೆ. ಅಕ್ಕನಿಗೆ ಬೆರಳು ಮಾಡಿ ತೋರಿಸಿದೆ. ನೋಡು, ನಿನ್ನ ಪೆನ್ಸಿಲ್ಲಿನ ಕೆಲಸ ಇದೇ ಮಾಡುತ್ತದೆ. ಅಲ್ಲಿಂದ ಮುಂದೆ ನಾನು ಆ ಮೂಲೆಯನ್ನು ನೋಡಲಿಲ್ಲ. ಮೊದಲ ವಾಕ್ಯ ಅದ್ಭುತವಾಗಿ ಬಂತು. ‘ಜ್ಞಾನವೆಂಬ ಹೊಲಕ್ಕೆ ಒಂದೇ ಹಂಗಾಮನ್ನು ನಿಗದಿಪಡಿಸುವ ಅಧಿಕಾರ ಯಾರಿಗೂ ಇಲ್ಲ.’ ಇದನ್ನು ಎರಡು ಸಲ ಹೇಳಿಕೊಂಡೆ. ಆಮೇಲೆ ವಾದಕ್ಕೆ ಇಳಿದೆ. ಪ್ರಶ್ನೆಯಲ್ಲಿ ‘ಮುಖ್ಯವಾಗಿ’ ಎಂಬ ಮಾತೇ ಇಲ್ಲ, ಆದ್ದರಿಂದ ಭತ್ತ ಎಲ್ಲೆಲ್ಲಿ ಯಾವಾಗ ಬೆಳೆಯುತ್ತದೋ ಅದೆಲ್ಲವೂ ಉತ್ತರದ ವ್ಯಾಪ್ತಿಗೆ ಬರುತ್ತದೆ ಎಂದೆ.

“ಅದ್ಹೆಂಗಾತು ತಮ್ಮಾ?” ಪಡಸಾಲೆಯಿಂದ ಅತ್ತಿಯ ದನಿ ಬಂತು. “ಮಾವಿನಹಣ್ಣು ಯಾವಾಗ ಬರ್ತೈತಿ ಅಂದ್ರ ಬ್ಯಾಸಗ್ಯಾಗ ಅಂತೀವಿ. ಎಲ್ಲೋ ಒಂದು ಗಿಡ ದೀಪಾವಳಿಗೆ ಬಿಡ್ತೈತಿ ಅಂತ, ಯಾವಾಗ ಬೇಕಾದ್ರೂ ಬರ್ತೈತಿ ಅಂತೀಯೇನು?”

ನನಗೆ ಮೈ ಉರಿಯಿತು. ನಿಜ ಹೇಳಬೇಕೆಂದರೆ ಉರಿದದ್ದು ಆ ಮಾತು ಚೆನ್ನಾಗಿತ್ತೆಂದು. “ಒಂದು ಗಿಡ ಅಲ್ರಿ ಅತ್ತಿ, ಸಿರುಗುಪ್ಪ ಕಡಿ ಊರಿಗೂರೇ ಎರಡನೇ ಬೆಳಿ ತೆಗಿತೈತಿ” ಎಂದು ಕೂಗಿ, ಕೂಗಿದ್ದನ್ನೇ ಬರಹದ ಭಾಷೆಗೆ ತಿರುಗಿಸಿ ಹೊಡೆದೆ.

“ಕಾಲಿವಿ ನೀರು ಬಿಡದ ವರ್ಷ ಏನ್ ತೆಗಿತೈತಿ? ಧೂಳು ತೆಗಿತೈತಿ.”

“ಅದಕ್ಕs ‘ನೀರಿದ್ದಲ್ಲಿ’ ಅಂತ ಉತ್ತರದಾಗ ಬರದಾರ. ನೀರಿಲ್ಲದ ವರ್ಷದ ಮಾತು ಇಲ್ಲಿ ಬರೂದs ಇಲ್ಲ.” ಇದನ್ನೂ ಹೊಡೆದೆ. ಅಕ್ಕನ ಹತ್ತಿರ ಕೃಷಿಯ ಒಂದು ಕೈಪಿಡಿ ಇತ್ತು. ಅದರಲ್ಲಿ ಬೇಸಿಗೆ ಭತ್ತದ ಬಗ್ಗೆ ಒಂದು ಪುಟವೇ ಇದೆ, ಅದರ ಫೋಟೊ ಲಗತ್ತಿಸಿದ್ದೇನೆ ಎಂದು ಬರೆದೆ.

“ಆ ಪುಸ್ತಕ ಬರದವ್ರು ಎಂದಾದ್ರೂ ಕೆಸರಿಗೆ ಇಳಿದಾರೇನು?”

“ಕೀ ಉತ್ತರ ಬರದವ್ರು ಇಳಿದಾರೇನ್ರಿ?”

ಅತ್ತಿ ನಕ್ಕರು. ಮೆಣಸಿನಕಾಯಿಯ ಘಾಟಿಗೆ ಕೆಮ್ಮೂ ಬಂತು. ಅಕ್ಕ ಮಾತ್ರ ನಗಲಿಲ್ಲ. ಒಳಗೆ ಬಂದು ನನ್ನ ಹತ್ತಿರ ತಗ್ಗಿದ ದನಿಯಲ್ಲಿ, “ನಮ್ಮತ್ತಿಗೆ ನಾ ಪಾಸಾಗೋದು ಬೇಕಿಲ್ಲೇನೋ” ಅಂದಳು. ಇದಕ್ಕೂ ಪುರಾವೆ ಬೇಕು ಎನ್ನಲು ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿದೆ. ಅತ್ತಿಯ ಮೇಲೆ ನನಗೂ ಸಿಟ್ಟು ಬಂದಿತ್ತು. ಸೊಸೆಯ ಭವಿಷ್ಯ ಒಂದು ಅಂಕದಲ್ಲಿ ನೇತಾಡುವಾಗ ಎದುರುಪಕ್ಷ ಕಟ್ಟಿಕೊಂಡು ಕೂತ ಹೆಂಗಸು. ಆ ಸಿಟ್ಟಿನಲ್ಲೇ ಇನ್ನೂ ಎರಡು ಪ್ಯಾರಾ ಹೊಡೆದೆ. ಪಡಸಾಲೆಯಿಂದ ಬಂದ ಪ್ರತಿಯೊಂದು ಅಡ್ಡಮಾತಿಗೂ ಉತ್ತರ ಕೊಟ್ಟೆ. ನಾಲ್ಕು ಗಂಟೆ ಐದು ನಿಮಿಷಕ್ಕೆ ಬೆನ್ನು ನೆಟ್ಟಗೆ ಮಾಡಿ, ‘ಸಲ್ಲಿಸಿ’ ಎಂಬುದನ್ನು ಒತ್ತಿದೆ.

ಪರದೆ ಬೆಳ್ಳಗಾಯಿತು. ಆಮೇಲೆ ನಡುವೆ ಒಂದು ಸಾಲು ಬಂತು. ‘ನಿಮ್ಮ ಅವಧಿ ಮುಗಿದಿದೆ. ದಯವಿಟ್ಟು ಮತ್ತೆ ಲಾಗಿನ್ ಆಗಿ.’

ಚರ್ಚಾಸ್ಪರ್ಧೆಯಲ್ಲಿ ಎರಡು ಸಲ ಗಂಟೆ ಬಾರಿಸುತ್ತಾರೆ. ಮೊದಲನೆಯದು ಎಚ್ಚರಿಕೆಗೆ, ಇನ್ನೊಂದು ನಿಮಿಷವಿದೆ ಎನ್ನಲು. ಎರಡನೆಯದು ಇಳಿ ಎನ್ನಲು. ಎಂಥ ಕ್ರೂರ ತೀರ್ಪುಗಾರರೂ ಮೊದಲನೆಯದನ್ನು ಬಾರಿಸದೆ ಎರಡನೆಯದನ್ನು ಬಾರಿಸಿದ್ದು ನಾನು ಕಂಡಿಲ್ಲ. ಈ ಪುಟ ಒಂದೂವರೆ ಗಂಟೆ ನನ್ನ ಭಾಷಣವನ್ನು ತುಟಿಪಿಟಕ್ಕೆನ್ನದೆ ಕೇಳಿ, ಬಾಗಿಲ ಹತ್ತಿರ ಬಂದಾಗ ನೀವು ಯಾರು ಎಂದು ಕೇಳಿತ್ತು. ಆದರೂ ನನಗೆ ಧೈರ್ಯವಿತ್ತು. ಕರಡು ಉಳಿದಿದೆಯಲ್ಲ. ಮತ್ತೆ ಲಾಗಿನ್ ಆದೆ. ‘ಉಳಿಸಿದ ಕರಡು’ ಎಂಬುದನ್ನು ಒತ್ತಿದೆ. ಕರಡು ತೆರೆಯಿತು. ಅದರಲ್ಲಿ ‘ಮಾನ್ಯರೇ’ ಎಂದಿತ್ತು. ಅಷ್ಟೇ ಇತ್ತು. ಮೊದಲ ನಿಮಿಷದಲ್ಲಿ ಉಳಿಸಿದ್ದು ನಿಜ, ಅದು ಸುಳ್ಳು ಹೇಳಿರಲಿಲ್ಲ. ಆಮೇಲೆ ಮತ್ತೆ ಉಳಿಸುತ್ತೇನೆಂದು ಅದು ಎಲ್ಲಿಯೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಒತ್ತುವ ಮೊದಲು ಎಲ್ಲವನ್ನೂ ಒಮ್ಮೆ ನಕಲು ಮಾಡಿಟ್ಟುಕೊಳ್ಳಲು ಎರಡು ಬೆರಳು, ಎರಡು ಕ್ಷಣ ಸಾಕಿತ್ತು.

ಅಕ್ಕ ಬೈದಿದ್ದರೆ ಉತ್ತರ ಕೊಡಬಹುದಿತ್ತು. ಪರದೆಯನ್ನು ಓದಿದಳು, ಗೋಡೆಯ ಗಡಿಯಾರ ನೋಡಿದಳು, ಕುರ್ಚಿಯ ಅಂಚಿಗೆ ಕೂತಳು. ನಾಲ್ಕೂ ಹತ್ತಾಗಿತ್ತು.

“ಚಿಂತಿ ಮಾಡಬ್ಯಾಡ, ಎಲ್ಲಾ ತಲ್ಯಾಗ ಐತಿ” ಎಂದು ಬೆರಳು ಕೀಲಿಗಳ ಮೇಲೆ ಇಟ್ಟೆ. ತಲೆಯೊಳಗೆ ಹುಡುಕಿದೆ. ಜ್ಞಾನವೆಂಬ ಹೊಲ ಸಿಕ್ಕಿತು. ಅದರ ಆಚೆ ಏನೂ ಸಿಗಲಿಲ್ಲ. ‘ಅಷ್ಟೇ ಅಲ್ಲದೆ’ ಎಂಬುದು ನೆನಪಾಯಿತು, ಯಾವುದಷ್ಟೇ ಅಲ್ಲದೆ ಎಂಬುದು ಮರೆತಿತ್ತು. ವೇದಿಕೆಯ ಮೇಲೆ ನನ್ನ ಮಾತು ತಲೆಯಿಂದ ನೇರ ನಾಲಿಗೆಗೆ ಬರುತ್ತಿದ್ದದ್ದು ಹೌದು. ಬಂದ ಮೇಲೆ ತಲೆಯಲ್ಲಿ ಅದರ ಪ್ರತಿ ಉಳಿಯುವುದಿಲ್ಲ ಎಂಬುದನ್ನು ಇಷ್ಟು ವರ್ಷ ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ. ಎದ್ದು ಪಡಸಾಲೆಗೂ ಕೋಣೆಗೂ ನಡುವೆ ನಾಲ್ಕು ಸಲ ಓಡಾಡಿದೆ. ನೀರು ಕುಡಿದೆ. ಮತ್ತೆ ಕೂತೆ. ಮತ್ತೆ ಎದ್ದೆ.

“ಯಾಕಲೇ ತಮ್ಮಾ, ಬಾಯಿ ಬಿದ್ದೋತೇನು?” ಅಂದರು ಅತ್ತಿ.

ಅಕ್ಕ ವಿಷಯ ಹೇಳಿದಳು. ಅತ್ತಿ ಕೈಯ ಖಾರವನ್ನು ಸೀರೆಯ ಸೆರಗಿಗೆ ತಾಗದ ಹಾಗೆ ಗೋಣಿಚೀಲಕ್ಕೆ ಒರೆಸಿಕೊಂಡು, “ಮೊದ್ಲು ಏನಂದಿ ನೀನು? ‘ಮುಖ್ಯವಾಗಿ ಅಂತ ಕೇಳಿಲ್ಲ’ ಅಂದಿ. ನಾ ಮಾವಿನಹಣ್ಣಿನ ಮಾತು ತೆಗದೆ. ಅದಕ್ಕ ನೀ ‘ಒಂದು ಗಿಡ ಅಲ್ಲ, ಊರಿಗೂರೇ’ ಅಂದಿ” ಎಂದರು.

ನಾನು ನಿಂತಲ್ಲೇ ನಿಂತೆ.

“ನಾ ‘ನೀರು ಬಿಡದ ವರ್ಷ’ ಅಂದೆ. ನೀ ‘ಅದಕ್ಕs ನೀರಿದ್ದಲ್ಲಿ ಅಂತ ಬರದಾರ’ ಅಂದಿ. ಅದು ಬರೋಬ್ಬರಿ ಇತ್ತು, ಅದಕ್ಕ ನಾ ಸುಮ್ಮನಾದೆ. ಆಮ್ಯಾಲೆ ಪುಸ್ತಕದ ಫೋಟೊ. ಆಮ್ಯಾಲೆ ಏನೋ ‘ತಪ್ಪು ಅನ್ನಬೇಕಾದ್ರ ಎಲ್ಲಾ ಊರಾಗೂ ತಪ್ಪಾಗಬೇಕು, ಒಂದು ಊರಾಗ ಖರೇ ಆದ್ರೂ ಆ ಉತ್ತರ ತಪ್ಪಲ್ಲ’ ಅಂದಿ. ಅದು ನನಗ ಪೂರಾ ಒಪ್ಪಿಗಿಲ್ಲ. ಆದ್ರ ನೀ ಅಂದಿದ್ದು ಹಂಗs.”

ಒಂದೂವರೆ ಗಂಟೆಯ ಭಾಷಣವನ್ನು ಉಳಿಸಿಟ್ಟದ್ದು ಯಾವ ಸರ್ವರೂ ಅಲ್ಲ, ಮೆಣಸಿನಕಾಯಿಯ ರಾಶಿಯ ಹಿಂದಿದ್ದ ಎದುರುಪಕ್ಷ. ಸುಮ್ಮನೆ ತಲೆಯಾಡಿಸುತ್ತ ಕೇಳಿದ್ದರೆ ಅವರಿಗೂ ಮರೆತಿರುತ್ತಿತ್ತೋ ಏನೋ. ಪ್ರತಿಯೊಂದು ಮಾತನ್ನೂ ಹಿಡಿದು ಜಗ್ಗಿದ್ದರಿಂದ ಪ್ರತಿಯೊಂದು ಮಾತೂ ಅವರ ಕೈಯಲ್ಲಿ ಉಳಿದಿತ್ತು. ಅಕ್ಕ ಅಷ್ಟರಲ್ಲಿ ನನ್ನ ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದುಕೊಂಡು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದ್ದಳು. ಒಂದೊಂದು ಅಂಶ ಬರೆದಾದ ಕೂಡಲೇ ಅದನ್ನೇ ತನ್ನ ಫೋನಿನಿಂದ ನನ್ನ ಫೋನಿಗೆ ಸಂದೇಶ ಮಾಡಿ ಕಳಿಸುತ್ತಿದ್ದಳು, ಪುಟ ಹಾಳಾದರೂ ಸಂದೇಶ ಇರುತ್ತದೆ ಎಂದು. ನಾನು ಅದನ್ನು ನೋಡಿ ನೋಡಿ ಹೊಡೆದೆ. ಜ್ಞಾನವೆಂಬ ಹೊಲವನ್ನು ಮೊದಲಿಗೆ ಸೇರಿಸಲು ಹೋದಾಗ ಅತ್ತಿ ಬಾಗಿಲಿಗೇ ಬಂದು ನಿಂತಿದ್ದರು. “ಅದು ಬ್ಯಾಡ. ಅದರಾಗ ಏನೂ ಇಲ್ಲ.”

“ಅತ್ತಿ, ಅದು ಪೀಠಿಕೆ.”

“ಟೈಮೆಷ್ಟಾತು?”

ನಾಲ್ಕು ನಲವತ್ತೆರಡಾಗಿತ್ತು. ಪೀಠಿಕೆ ಬಿಟ್ಟೆ. ಒಂದೂವರೆ ಗಂಟೆಯಲ್ಲಿ ಏಳು ಪ್ಯಾರಾ ಆಗಿದ್ದದ್ದು ಅರ್ಧ ಗಂಟೆಯಲ್ಲಿ ಹನ್ನೊಂದು ಸಾಲಾಯಿತು. ಒತ್ತುವ ಮೊದಲು ಅಕ್ಕ ನನ್ನ ಕೈ ಹಿಡಿದು ಎಲ್ಲವನ್ನೂ ನಕಲು ಮಾಡಿಸಿದಳು, ಪರದೆಯ ಫೋಟೊ ತೆಗೆದಳು. ಒತ್ತಿದೆ. ನಾಲ್ಕು ನಲವತ್ತೊಂಬತ್ತಕ್ಕೆ ಸ್ವೀಕೃತಿ ಸಂಖ್ಯೆ ಬಂತು. ಅಕ್ಕ ಅದನ್ನೂ ಪೆನ್ಸಿಲ್ಲಿನಲ್ಲಿ ಬರೆದುಕೊಂಡು, ಒಳಗೆ ಹೋಗಿ ಚಹಾಕ್ಕಿಟ್ಟಳು. ಅತ್ತಿಗೆ ಮೊದಲ ಲೋಟ ಕೊಟ್ಟಳು, ಸಕ್ಕರೆ ಎಷ್ಟು ಎಂದು ಕೇಳದೆ, ಸರಿಯಾಗಿ ಹಾಕಿ.

“ಅಲ್ರಿ ಅತ್ತಿ, ನಿಮಗ ಅಕ್ಕ ಪಾಸಾಗೋದು ಬೇಕಿದ್ರ ಅಷ್ಟೊತ್ತು ಯಾಕ ಅಡ್ಡ ಮಾತಾಡಿದ್ರಿ?” ಎಂದೆ. ಮರುಪ್ರಶ್ನೆ ಹಾಕುವ ಶಕ್ತಿ ಮರಳಿತ್ತು.

“ಅಲ್ಲಿ ಕುಂತವ್ರು ಅಡ್ಡ ಮಾತಾಡೂದಿಲ್ಲೇನು? ನಿನ್ನ ಮಾತು ಇಲ್ಲೇ ಮುರಕೊಂಡು ಬಿದ್ರ ಅಲ್ಲಿ ಏನ್ ನಿಲ್ತೈತಿ?” ಅಂದು ಚಹಾ ಹೀರಿದರು.

ಪರಿಷ್ಕೃತ ಕೀ ಉತ್ತರ ಕೆಲವು ವಾರದ ಮೇಲೆ ಬಂತು. ಆ ಪ್ರಶ್ನೆಯನ್ನೇ ಕೈಬಿಟ್ಟು, ಬರೆದ ಎಲ್ಲರಿಗೂ ಒಂದು ಅಂಕ ಕೊಟ್ಟಿದ್ದರು. ಅಕ್ಕ ಪಾಸಾದಳು. ಸಂಭ್ರಮದ ಫೋನಿನಲ್ಲಿ ಅತ್ತಿಯೂ ಬಂದರು.

“ಮುಂಗಾರು ಅನ್ನೋದು ತಪ್ಪು ಅಂದಾರೇನು ತಮ್ಮಾ?”

“ಇಲ್ರಿ.”

“ನಿಂದು ಸರಿ ಅಂದಾರೇನು?”

“ಅದೂ ಇಲ್ರಿ.”

“ಹಂಗಾರ ಇನ್ನಾ ಮುಗಿದಿಲ್ಲ. ಅವತ್ತು ನಿನ್ನ ಮಾತು ನಾ ಪಾಠದಂಗ ಪೂರಾ ಒಪ್ಪಿಸಿದೆ. ಈಗ ನನ್ನ ಮಾತು ನೀ ಒಪ್ಪಿಸು ನೋಡೋಣ.”

ಎದುರಾಳಿಯ ವಾದವನ್ನು ಗಮನವಿಟ್ಟು ಕೇಳುವುದು ಚರ್ಚೆಯ ಮೊದಲ ಪಾಠ. ಅದಕ್ಕೆಂದೇ ಒಂದು ಕಪ್ಪು ಬಂದಿದೆ, ಸೇಫ್ಟಿಪಿನ್ನು ಇರುವುದು. “ಅತ್ತೀ, ನೀವು...” ಎಂದು ಶುರು ಮಾಡಿದೆ. ಮುಂದೆ ಹುಡುಕಿದೆ. ಮುಂದೆ ಏನೂ ಇರಲಿಲ್ಲ. ಅವರ ಒಂದೂವರೆ ಗಂಟೆಯ ವಾದದಲ್ಲಿ ನನ್ನೊಳಗೆ ಉಳಿದಿದ್ದದ್ದು ಅಷ್ಟೇ: ಅತ್ತೀ, ನೀವು.

ಹಾಗಾದರೆ ಈ ಪ್ರಬಂಧದಲ್ಲಿ ಅವರ ಮಾತುಗಳೆಲ್ಲ ಹೇಗೆ ಬಂದವು ಎಂದು ಚುರುಕಿನ ಓದುಗರು ಕೇಳಬಹುದು. ಕೇಳಬೇಕು ಕೂಡ. ಮಾವಿನಹಣ್ಣು, ಧೂಳು, ಕೆಸರಿಗೆ ಇಳಿದದ್ದು ಎಲ್ಲವನ್ನೂ ನಿನ್ನೆ ಕುರುಗೋಡಿಗೆ ಫೋನು ಮಾಡಿ, ಅವರು ಹೇಳಿದ ಹಾಗೆ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಂಡೆ. ಮುಗಿದ ಮೇಲೆ ಫೋನು ಇಡಲು ಹೋದರೆ ಅವರು ಬಿಡಲಿಲ್ಲ.

“ತಡಿ, ಇಡಬ್ಯಾಡ. ಬರಕೊಂಡಿದ್ದು ಒಂದು ಸಲ ಓದು. ಎಲ್ಲಾ ಬಂದೈತೋ ಇಲ್ಲೋ ನೋಡೋಣ.”